ನಿಸ್ತಂತು ಯಂತ್ರದ ಮೈಕು: ಅದರ ಆಯ್ಕೆಯೂ ಅಳವಡಿಕೆಯೂ

ಮಾತಾಡುವವನ ಉಚ್ಚಾರಣೆಯು ಎಷ್ಟೇ ಶುದ್ಧವಾಗಿರಲಿ, ಅದು ಕೇಳುವವನ ಕಿವಿಗೆ ಶುದ್ಧವಾಗಿ ಮುಟ್ಟದಿದ್ದರೆ ಆಡಿದ ಮಾತು ಆಡದ ಮಾತಿಗೆ ಸಮವೆಂದೇ ತಿಳಿಯಬೇಕು. ಎದುರಿಗೆ ಕುಳಿತು ಮಾತಾಡುವಾಗ ಈ ತೊಂದರೆಯು ಅಷ್ಟಾಗಿ ಕಾಣದು. ಕೇಳುವವನು ನಮ್ಮ ತುಟಿಗಳನ್ನು ನೋಡುವನು, ಮುಖಭಾವವನ್ನು ನೋಡುವನು, ಅರ್ಧ ಕೇಳಿದ ಶಬ್ದವನ್ನು ಸಂದರ್ಭದಿಂದ ಪೂರ್ತಿಮಾಡಿಕೊಳ್ಳುವನು. ಆದರೆ ಮಾತು ತಂತಿಯ ಆಧಾರವೂ ಇಲ್ಲದೆ ಆಕಾಶಮಾರ್ಗವಾಗಿ ಹತ್ತಾರು ಹರದಾರಿ ಸಾಗುವಾಗ ತುಟಿಯೂ ಇಲ್ಲ, ಮುಖವೂ ಇಲ್ಲ, ಶಬ್ದವೊಂದೇ ಗತಿ. ಆ ಶಬ್ದವನ್ನು ಮೊಟ್ಟಮೊದಲು ಹಿಡಿಯುವ ಚಿಕ್ಕ ಉಪಕರಣಕ್ಕೆ ಮೈಕ್ರೋಫೋನ್ ಎಂದು ಹೆಸರು. ನಮ್ಮ ಜನರ ಬಾಯಲ್ಲಿ ಅದು ಮೈಕು. ಅದು ಕೆಟ್ಟಾಗ ಬದಲಿಗೆ ಎಂಥದನ್ನು ಆರಿಸಬೇಕು, ಆರಿಸಿದುದನ್ನು ಯಂತ್ರಕ್ಕೆ ಹೇಗೆ ಹೊಂದಿಸಬೇಕು ಎಂಬುದೇ ಈ ಲೇಖನದ ವಿಷಯವು.

ರೇಡಿಯೋ ಎಂದೊಡನೆ ನಮ್ಮ ಮನೆಗಳವರಿಗೆ ಹಾಡು, ಸುದ್ದಿ, ಕೃಷಿವಾರ್ತೆಗಳನ್ನು ಕೇಳಿಸುವ ಪೆಟ್ಟಿಗೆಯೇ ನೆನಪಿಗೆ ಬರುವುದು. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಒಂದು ಸಣ್ಣ ಪ್ರಸಾರಯಂತ್ರವನ್ನಿಟ್ಟು ‘ಆಕಾಶವಾಣಿ’ ಎಂಬ ಹೆಸರಿನಿಂದ ನಡೆಸಿದ ಸಾಹಸವು ಈ ಜಾತಿಯದು. ಅಲ್ಲಿ ಹೇಳುವವನು ಒಬ್ಬ, ಕೇಳುವವರು ಸಾವಿರ. ಕೇಳುವವನು ಮರಳಿ ಮಾತಾಡುವಂತಿಲ್ಲ. ನಾನು ಹೇಳಹೊರಟಿರುವುದು ಇನ್ನೊಂದು ಜಾತಿಯ ರೇಡಿಯೋವನ್ನು ಕುರಿತು. ಪೋಲೀಸರ ಜೀಪಿನಲ್ಲಿ, ರೈಲ್ವೆಯವರ ಕೈಯಲ್ಲಿ ವಾಚಕರು ಇದನ್ನು ಕಂಡಿರಬಹುದು. ಇದರಲ್ಲಿ ಹೇಳುವುದೂ ಉಂಟು, ಕೇಳುವುದೂ ಉಂಟು. ಕೈಯಲ್ಲಿರುವ ಮೈಕಿನ ಪಕ್ಕದ ಗುಂಡಿಯನ್ನು ಒತ್ತಿದಾಗ ನಮ್ಮ ಮಾತು ಹೊರಡುವುದು. ಬಿಟ್ಟಾಗ ಆಚೆಯವರ ಮಾತು ಬರುವುದು.

ಸರಕಾರದ ಪರವಾನಗಿ ಪಡೆದು ಇಂಥ ಯಂತ್ರಗಳನ್ನು ಸ್ವಂತ ಆಸಕ್ತಿಯಿಂದ, ಲಾಭದ ಬಯಕೆಯಿಲ್ಲದೆ ನಡೆಸುವ ಖಾಸಗಿ ಜನರೂ ಉಂಟು. ಅವರಿಗೆ ಹವ್ಯಾಸಿ ರೇಡಿಯೋದವರೆಂದೂ, ಲೋಕರೂಢಿಯಲ್ಲಿ ‘ಹ್ಯಾಮ್’ಗಳೆಂದೂ ಹೆಸರು. ಭಾರತದ ಹವ್ಯಾಸಿಗಳ ಕರೆಹೆಸರು ಸಾಮಾನ್ಯವಾಗಿ ‘ವಿ.ಯು.’ ಎಂಬ ಅಕ್ಷರಗಳಿಂದ ಆರಂಭವಾಗುವುದು. ಬೆಂಗಳೂರಿನಲ್ಲಿ ಇವರ ಸಂಘವು 1959ರಿಂದ ಇದೆ. ನಮ್ಮ ಬೀದರ ಜಿಲ್ಲೆಗೆ ಬೆಂಗಳೂರಿಗಿಂತ ಬಹಳ ಹತ್ತಿರವಾದ ಹೈದರಾಬಾದಿನಲ್ಲಿ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯಿದೆ.

ಇದು ಕೆಲವರ ವಿನೋದವಷ್ಟೆ, ಗೃಹಸ್ಥರಿಗೆ ಇದರಿಂದೇನು ಎಂದು ಕೇಳುವವರಿಗೆ 1993ನೆಯ ಇಸವಿಯನ್ನು ಜ್ಞಾಪಿಸಬೇಕಾಗುವುದು. ಆ ವರ್ಷ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷಗಳಿರುವಾಗ, ನಮ್ಮ ಬಸವಕಲ್ಯಾಣ ತಾಲೂಕಿನ ವಾಯವ್ಯಕ್ಕೆ ಗಡಿಯಾಚೆಯಿರುವ ಕಿಲ್ಲಾರಿಯ ಸುತ್ತಿನಲ್ಲಿ ಭೂಮಿಯು ನಡುಗಿತು. ಹಿಂದಿನ ರಾತ್ರಿ ಗಣೇಶನನ್ನು ಬೀಳ್ಕೊಟ್ಟು ತಡವಾಗಿ ಮಲಗಿದ್ದ ಜನ ಕಲ್ಲು ಮಣ್ಣಿನ ಗೋಡೆಗಳ ಅಡಿಯಲ್ಲಿ ಸಿಕ್ಕಿಹೋದರು. ಸತ್ತವರ ಸಂಖ್ಯೆಯು ಹತ್ತು ಸಾವಿರದ ಸಮೀಪಕ್ಕೆ ಮುಟ್ಟಿತು. ಮುಡಬಿಯ ಸೀಮೆಯವರು ಆ ನಡುಕವನ್ನು ತಾವೇ ಅನುಭವಿಸಿದವರು. ಆಚೆಯ ಊರುಗಳಲ್ಲಿ ನಮ್ಮವರ ಬೀಗರೂ ನೆಂಟರೂ ಇದ್ದರು. ಅಂಥ ಸಮಯದಲ್ಲಿ ಟೆಲಿಫೋನಿನ ತಂತಿಯೇ ಮೊದಲು ಕಡಿಯುವುದು. ಹವ್ಯಾಸಿಗಳು ತಮ್ಮ ಯಂತ್ರಗಳನ್ನೂ ಬ್ಯಾಟರಿಗಳನ್ನೂ ಹೊತ್ತು ಅಲ್ಲಿಗೆ ಹೋಗಿ ಸಂದೇಶಗಳನ್ನು ಮುಟ್ಟಿಸಿದರು. 2004ರ ಡಿಸೆಂಬರ್ 26ರಂದು ಸಮುದ್ರವು ಉಕ್ಕಿಬಂದಾಗ ಶ್ರೀಮತಿ ಭಾರತಿ ಪ್ರಸಾದರ ನೇತೃತ್ವದ ಹವ್ಯಾಸಿಗಳ ತಂಡವು ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿಯೇ ಇದ್ದು, ದ್ವೀಪದ ವಾರ್ತೆಯನ್ನು ಹೊರಲೋಕಕ್ಕೆ ತಿಳಿಸುವುದರಲ್ಲಿ ಮಹತ್ತರವಾದ ಸೇವೆಯನ್ನು ಮಾಡಿತು.

ಇಂಥ ಸಂದರ್ಭದಲ್ಲಿ ಸಾಗುವ ಸಂದೇಶವು ಎಂಥದೆಂಬುದನ್ನು ಯೋಚಿಸೋಣ. “ಮೂರು ಜನಕ್ಕೆ ಗಾಯವಾಗಿದೆ” ಎಂಬುದಕ್ಕೂ “ನೂರು ಜನಕ್ಕೆ ಗಾಯವಾಗಿದೆ” ಎಂಬುದಕ್ಕೂ ಒಂದೇ ಒಂದು ವ್ಯಂಜನದ ಭೇದ. ಮಕಾರವೂ ಅನುನಾಸಿಕ, ನಕಾರವೂ ಅನುನಾಸಿಕ. ಒಂದು ಓಷ್ಠ್ಯ, ಇನ್ನೊಂದು ದಂತ್ಯ. ಈ ಸ್ಥಾನಭೇದವನ್ನು ಮೈಕು ನುಂಗಿಬಿಟ್ಟರೆ ನೂರು ಜನರಿಗೆ ಮೂರು ಜನರ ಔಷಧವು ಹೊರಡುವುದು. ಮೈಕಿನ ಆಯ್ಕೆಯನ್ನು ಕುರಿತು ಇಷ್ಟು ಬರೆಯಲು ಕಾರಣವು ಇದೇ.

ಇನ್ನು ಪ್ರಕೃತಕ್ಕೆ ಬರೋಣ. ನಿಸ್ತಂತು ಯಂತ್ರದಲ್ಲಿ ಬಹುಬೇಗ ಹಾಳಾಗುವ ಅಂಗವೆಂದರೆ ಮೈಕೇ. ಯಂತ್ರವು ಮೇಜಿನ ಮೇಲೆ ಭದ್ರವಾಗಿ ಕುಳಿತಿರುವುದು. ಮೈಕಾದರೋ ದಿನಕ್ಕೆ ನೂರು ಸಲ ಕೈಗೆ ಬರುವುದು, ಕೆಳಗೆ ಬೀಳುವುದು, ಸುರುಳಿ ತಂತಿಯಿಂದ ಎಳೆಯಿಸಿಕೊಳ್ಳುವುದು. ಬಾಯಿಯ ಉಸಿರಿನ ಹಸಿಯೂ, ನಮ್ಮ ಬಯಲಿನ ಕೆಂಧೂಳಿಯೂ ಅದರ ರಂಧ್ರಗಳೊಳಗೆ ಸೇರುವುವು. ಆದಕಾರಣ ಹಳೆಯ ಯಂತ್ರವು ಸುಸ್ಥಿತಿಯಲ್ಲಿದ್ದು ಮೈಕು ಮಾತ್ರ ಇಲ್ಲದಿರುವುದು ಸಾಮಾನ್ಯ. ಅದೇ ತಯಾರಕರ ಅದೇ ಮಾದರಿಯ ಮೈಕು ದೊರೆತರೆ ವಿಚಾರವೇ ಇಲ್ಲ. ಆದರೆ ಹಳೆಯ ಮಾದರಿಗಳ ಭಾಗಗಳು ದೊರೆಯುವುದು ದುರ್ಲಭ. ದೊರೆತರೂ ಬೆಲೆ ಹೆಚ್ಚು.

ಹೊಸದನ್ನು ಕೊಳ್ಳುವ ಮೊದಲು ಹಳೆಯದು ನಿಜವಾಗಿ ಸತ್ತಿದೆಯೋ ಎಂಬುದನ್ನು ನೋಡತಕ್ಕದ್ದು. ಅನೇಕ ವೇಳೆ ಕೆಟ್ಟಿರುವುದು ಮೈಕಲ್ಲ. ಸುರುಳಿ ತಂತಿಯು ಮೈಕಿನ ಕವಚದೊಳಗೆ ಸೇರುವ ಕುತ್ತಿಗೆಯಲ್ಲಿ ಒಳಗಿಂದೊಳಗೇ ಕಡಿದಿರುವುದು. ಗುಂಡಿ ಒತ್ತಿದಾಗ ಯಂತ್ರದ ದೀಪವು ಹತ್ತಿ ಮಾತು ಮಾತ್ರ ಹೋಗದಿದ್ದರೆ ಧ್ವನಿಯ ಎಳೆಯು ಕಡಿದಿರಬಹುದು. ದೀಪವೇ ಹತ್ತದಿದ್ದರೆ ಗುಂಡಿಯ ಎಳೆಯೋ, ಗುಂಡಿಯೋ ಕೆಟ್ಟಿರಬಹುದು. ಮಲ್ಟಿಮೀಟರಿನ ಎರಡು ಮೊನೆಗಳನ್ನು ಎಳೆಯ ಎರಡು ತುದಿಗಳಿಗೆ ಮುಟ್ಟಿಸಿ, ತಂತಿಯನ್ನು ಅತ್ತಿತ್ತ ಬಗ್ಗಿಸಿ ನೋಡಿದರೆ ದೋಷವು ತಾನಾಗಿ ಹೊರಬೀಳುವುದು. ಕಡಿದ ಭಾಗವನ್ನು ಕತ್ತರಿಸಿ ಮತ್ತೆ ಬೆಸುಗೆ ಹಾಕಿದರೆ ಮುಗಿಯಿತು.

ಮೈಕೇ ಸತ್ತಿದೆಯೆಂದು ನಿಶ್ಚಯವಾದರೆ ಅದರ ಜಾತಿಯನ್ನು ತಿಳಿಯಬೇಕು. ಎಲ್ಲ ಮೈಕುಗಳಲ್ಲಿಯೂ ಒಂದು ತೆಳುವಾದ ಪೊರೆಯಿದೆ. ನಮ್ಮ ಕಿವಿಯ ತಮಟೆಯಂತೆ ಅದು ಶಬ್ದಕ್ಕೆ ಕಂಪಿಸುವುದು. ಆ ಕಂಪನವು ವಿದ್ಯುತ್ತಾಗುವ ಬಗೆಯಲ್ಲಿ ಭೇದ. ಮುಖ್ಯವಾದ ಜಾತಿಗಳು ನಾಲ್ಕು.

ಮೊದಲನೆಯದು ಇದ್ದಿಲಿನ ಮೈಕು. 1870ರ ದಶಕದ ಕೊನೆಯಲ್ಲಿ ಎಡಿಸನ್, ಹ್ಯೂಸ್ ಮೊದಲಾದವರ ಪ್ರಯೋಗಗಳಿಂದ ಹುಟ್ಟಿದುದು. ಇದರಲ್ಲಿ ಇದ್ದಿಲಿನ ಸಣ್ಣ ಕಾಳುಗಳಿರುವುವು. ಪೊರೆಯು ಅವನ್ನು ಒತ್ತಿದಾಗ ಅವುಗಳ ಮೂಲಕ ಹರಿಯುವ ವಿದ್ಯುತ್ತು ಹೆಚ್ಚುಕಡಿಮೆಯಾಗುವುದು. ಇದಕ್ಕೆ ಹೊರಗಿನಿಂದ ವಿದ್ಯುತ್ತನ್ನು ಕೊಡಲೇಬೇಕು. ಶಕ್ತಿಯು ಬಹಳ, ಆದರೆ ತೇವದಿಂದ ಕಾಳುಗಳು ಹೆಪ್ಪುಗಟ್ಟುವುವು, ಮಾತಿನ ಹಿಂದೆ ‘ಸುಂಯ್’ ಎಂಬ ನಾದವು ಬಿಡದು. ಎರಡನೆಯ ಮಹಾಯುದ್ಧದ ಸೈನಿಕ ಯಂತ್ರಗಳಲ್ಲಿ ಇದು ಬಹಳವಾಗಿತ್ತು. ಯುದ್ಧವು ಮುಗಿದ ಮೇಲೆ ಮಾರಾಟಕ್ಕೆ ಬಂದ ಆ ಯಂತ್ರಗಳಿಂದ ಹಳೆಯ ಹವ್ಯಾಸಿಗಳ ಕೈಗೂ ಬಂದಿತು.

ಎರಡನೆಯದು ಸ್ಫಟಿಕದ ಮೈಕು. ರೋಶೆಲ್ ಲವಣವೆಂಬ ಪದಾರ್ಥದ ಹರಳು ಬಾಗಿದಾಗ ತಾನೇ ವಿದ್ಯುತ್ತನ್ನು ಹುಟ್ಟಿಸುವುದು. ಆದರೆ ಈ ಹರಳಿಗೆ ಸುಮಾರು 55 ಸೆಂಟಿಗ್ರೇಡ್ ಉಷ್ಣವು ಮೃತ್ಯುಸಮಾನ, ತೇವವೂ ವೈರಿ. ವೈಶಾಖದ ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಜೀಪಿನೊಳಗಿನ ಕಾವನ್ನು ಬಲ್ಲವರು ಇದನ್ನು ನಮ್ಮ ಸೀಮೆಗೆ ತರಲಾರರು.

ಮೂರನೆಯದು ಸುರುಳಿಯ ಮೈಕು. ಅಂಗಡಿಯವರು ಇದನ್ನು ಡೈನಮಿಕ್ ಎನ್ನುವರು. ಪೊರೆಗೆ ಅಂಟಿದ ಸಣ್ಣ ತಂತಿಸುರುಳಿಯು ಅಯಸ್ಕಾಂತದ ನಡುವೆ ಆಡುವುದು. ಇದಕ್ಕೆ ಹೊರಗಿನ ವಿದ್ಯುತ್ತು ಬೇಡ. ಗಟ್ಟಿಮುಟ್ಟಾದುದು, ಬಿಸಿಲಿಗೂ ಹಸಿಗೂ ಬೇಗ ಜಗ್ಗದು. ಹುಟ್ಟಿಸುವ ವಿದ್ಯುತ್ತು ಮಾತ್ರ ಸ್ವಲ್ಪ, ಕೆಲವೇ ಮಿಲಿವೋಲ್ಟುಗಳು. ನಿಸ್ತಂತುವಿಗಾಗಿ ಮಾಡಿದ ಇಂಥ ಮೈಕುಗಳ ರೋಧವು ಸಾಮಾನ್ಯವಾಗಿ 200ರಿಂದ 600 ಓಮ್‌ಗಳವರೆಗೆ ಇರುವುದು.

ನಾಲ್ಕನೆಯದು ಎಲೆಕ್ಟ್ರೆಟ್ ಮೈಕು. 1962ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಸೆಸ್ಲರ್ ಮತ್ತು ವೆಸ್ಟ್ ಎಂಬ ವಿಜ್ಞಾನಿಗಳು ಇದನ್ನು ರೂಪಿಸಿದರು. ವಿದ್ಯುತ್ತನ್ನು ಶಾಶ್ವತವಾಗಿ ಹಿಡಿದಿಟ್ಟುಕೊಂಡ ಪೊರೆಯೂ, ಒಳಗೊಂದು ಪುಟ್ಟ ಟ್ರಾನ್ಸಿಸ್ಟರೂ ಇದರಲ್ಲಿರುವುವು. ಗಾತ್ರವು ಅಂಗಿಯ ಗುಂಡಿಯಷ್ಟು; ಬೆಲೆಯು ಒಂದೆರಡು ಲೋಟ ಚಹದಷ್ಟು. ಒಳಗಿನ ಟ್ರಾನ್ಸಿಸ್ಟರಿಗಾಗಿ ಕೆಲವು ವೋಲ್ಟುಗಳ ವಿದ್ಯುತ್ತನ್ನು ಕೊಡಬೇಕು. ಅದು ಎಳೆಯುವುದು ಅರ್ಧ ಮಿಲಿ ಆಂಪಿಯರಿಗಿಂತ ಹೆಚ್ಚಲ್ಲ.

ಈ ನಾಲ್ಕರಲ್ಲಿ ಶ್ರೇಷ್ಠವಾದುದು ಯಾವುದೆಂದು ಕೇಳುವುದೇ ಸರಿಯಲ್ಲ. ವರಾನ್ವೇಷಣೆಯಲ್ಲಿ ಹೇಗೆ ಗುಣಕ್ಕಿಂತಲೂ ಹೊಂದಿಕೆಯನ್ನು ನೋಡುವರೋ ಹಾಗೆ ಇಲ್ಲಿಯೂ ಹೊಂದಿಕೆಯೇ ಪ್ರಧಾನ. ಹೊಂದಿಕೆಯು ಮೂರು ವಿಷಯಗಳಲ್ಲಿ ಬೇಕು: ಮೈಕಿಗೆ ಬೇಕಾದ ಆಹಾರ, ಮೈಕಿನ ಬಲ, ಮೈಕಿನ ಕಾಲುಗಳ ಕ್ರಮ.

ಆಹಾರವೆಂದರೆ ವಿದ್ಯುತ್ತು. ಯಂತ್ರವು ಮೈಕಿನ ಎಳೆಯಲ್ಲಿ ವಿದ್ಯುತ್ತನ್ನು ಕೊಡುವಂಥದಾಗಿದ್ದು ನಾವು ಸುರುಳಿಯ ಮೈಕನ್ನು ಹಾಕಿದರೆ ಆ ವಿದ್ಯುತ್ತು ಬೇಡದ ಸುರುಳಿಯ ಮೂಲಕ ಹರಿಯುವುದು. ಅದನ್ನು ತಡೆಯಲು ನಡುವೆ ಕೆಪಾಸಿಟರ್ ಎಂಬ ಧಾರಕವನ್ನಿಡಬೇಕು. ಅದು ಮಾತಿನ ಅಲೆಯನ್ನು ಬಿಡುವುದು, ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್ತನ್ನು ತಡೆಯುವುದು. ಯಂತ್ರವು ವಿದ್ಯುತ್ತನ್ನು ಕೊಡದೆ ನಾವು ಎಲೆಕ್ಟ್ರೆಟ್ಟನ್ನು ಹಾಕಿದರೆ ಅದು ಉಪವಾಸದಿಂದ ಮೂಕವಾಗುವುದು. ಮೈಕಿನೊಳಗೇ ಒಂದು ಸಣ್ಣ ಬ್ಯಾಟರಿಯನ್ನಿಡುವವರುಂಟು. ಆದರೆ ಅಂಥ ಬ್ಯಾಟರಿಯು ಬೇಕಾದ ದಿನವೇ ಬರಿದಾಗುವುದು ಲೋಕಾನುಭವ. ಇದ್ದಿಲಿನ ಮೈಕಿನ ಹಳೆಯ ಯಂತ್ರಕ್ಕೆ ಇವೆರಡರಲ್ಲಿ ಯಾವುದನ್ನು ನೇರವಾಗಿ ಹಾಕಿದರೂ ಧ್ವನಿಯು ಸಾಲದು. ಇದ್ದಿಲಿಗಾಗಿ ಯಂತ್ರವು ಕೊಡುವ ವಿದ್ಯುತ್ತಿನಿಂದಲೇ ನಡೆಯುವ ಒಂದು ಟ್ರಾನ್ಸಿಸ್ಟರಿನ ವರ್ಧಕವನ್ನು ನಡುವೆ ಇಡಬೇಕಾಗುವುದು.

ಬಲದ ವಿಷಯವು ಹೀಗೆ. ಮೈಕು ದುರ್ಬಲವಾದರೆ ಆಚೆಯವನಿಗೆ ನಮ್ಮ ಮಾತು ಪಿಸುಮಾತಾಗಿ ಕೇಳುವುದು. ಅತಿಪ್ರಬಲವಾದರೆ ಯಂತ್ರವು ಅಲೆಗಳ ತಲೆಯನ್ನು ಕತ್ತರಿಸುವುದರಿಂದ ಮಾತು ಒಡೆದ ತಮಟೆಯ ಸದ್ದಾಗುವುದು. ಜೋರಾಗಿ ಕೂಗಿದರೆ ಹೆಚ್ಚು ದೂರ ಹೋದೀತೆಂಬ ನಂಬಿಕೆಯು ಜನರಲ್ಲಿದೆ. ಪೋಲೀಸರೂ ಹವ್ಯಾಸಿಗಳೂ ಹೆಚ್ಚಾಗಿ ಬಳಸುವ ಎಫ್.ಎಂ. ಪದ್ಧತಿಯಲ್ಲಿ ಇದು ಸುಳ್ಳು. ಕೂಗಿದರೂ ಪಿಸುಗುಟ್ಟಿದರೂ ಹೊರಡುವ ಶಕ್ತಿಯು ಅಷ್ಟೇ. ಕೂಗಿನಿಂದ ಕೆಡುವುದು ಮಾತು, ಹೆಚ್ಚುವುದು ಗಂಟಲುನೋವು.

ಕಾಲುಗಳ ಕ್ರಮವು ಎಲ್ಲಕ್ಕಿಂತಲೂ ಮೋಸಗೊಳಿಸುವಂಥದು. ಮೈಕಿನ ತಂತಿಯ ಕೊನೆಯ ಪ್ಲಗ್ಗಿನಲ್ಲಿ ಎಂಟು ಕಾಲುಗಳಿರುವ ಮಾದರಿಯು ಬಹಳ ಬಳಕೆಯಲ್ಲಿದೆ. ಒಬ್ಬರ ಪ್ಲಗ್ಗು ಇನ್ನೊಬ್ಬರ ಯಂತ್ರದಲ್ಲಿ ಸಲೀಸಾಗಿ ಕೂಡುವುದು. ಆದರೆ ಯಾವ ಕಾಲಿಗೆ ಯಾವ ಕೆಲಸವೆಂಬುದು ತಯಾರಕರಿಂದ ತಯಾರಕರಿಗೆ ಬೇರೆ. ಉದಾಹರಣೆಗೆ, ಐಕಾಮ್ ಕಂಪನಿಯ ಎಂಟು ಕಾಲಿನ ಯಂತ್ರಗಳಲ್ಲಿ ಸಾಮಾನ್ಯವಾಗಿ 2ನೆಯ ಕಾಲಿನಿಂದ 8 ವೋಲ್ಟು ಹೊರಬರುವುದು, ಗುಂಡಿಯ ಎಳೆಯು 5ನೆಯ ಕಾಲಿನಲ್ಲಿರುವುದು. ಕೆನ್‌ವುಡ್ ಕಂಪನಿಯ ಕ್ರಮದಲ್ಲಿ 2ನೆಯ ಕಾಲೇ ಗುಂಡಿಯದು. ಈಗ ಕೆನ್‌ವುಡ್ಡಿನ ಮೈಕನ್ನು ಐಕಾಮ್ ಯಂತ್ರಕ್ಕೆ ಚುಚ್ಚಿ ಗುಂಡಿಯನ್ನೊತ್ತಿದರೆ ಏನಾಗುವುದು? ಆ 8 ವೋಲ್ಟಿನ ದಾರಿಯು ಗುಂಡಿಯ ಮೂಲಕ ನೇರವಾಗಿ ಭೂಮಿಯ ಎಳೆಗೆ ಕೂಡಿ ಯಂತ್ರದೊಳಗಿನ ಭಾಗವೇ ಸುಡಬಹುದು. ಆದುದರಿಂದ ಪ್ಲಗ್ಗು ಕೂಡಿದ ಮಾತ್ರಕ್ಕೆ ಸಂಬಂಧವು ಕೂಡಿತೆಂದು ಭಾವಿಸಲಾಗದು. ಯಂತ್ರದ ಕೈಪಿಡಿಯಲ್ಲಿರುವ ಚಿತ್ರವನ್ನು ನೋಡಿ, ಕಾಲುಕಾಲಿನ ಕೆಲಸವನ್ನು ಕಾಗದದ ಮೇಲೆ ಬರೆದುಕೊಂಡಲ್ಲದೆ ಪ್ಲಗ್ಗನ್ನು ಚುಚ್ಚಕೂಡದು.

ಇದು ಕಾರ್ಯದಲ್ಲಿ ಹೇಗೆ ನಡೆಯುವುದೆಂಬುದಕ್ಕೆ ನಾನು ಕಣ್ಣಾರೆ ಕಂಡ ಒಂದು ನಿದರ್ಶನವನ್ನು ಕೊಡುವೆನು. ನನ್ನ ಹಳೆಯ ಶಿಷ್ಯನೊಬ್ಬನು ಮುಡಬಿಯಲ್ಲಿದ್ದು, ಪರೀಕ್ಷೆಯಲ್ಲಿ ಉತ್ತೀರ್ಣನಾಗಿ ಪರವಾನಗಿ ಪಡೆದ ಹವ್ಯಾಸಿ. ಅವನಿಗೆ ಕೈಬದಲಾದ ಒಂದು ಯಂತ್ರವು ಮೈಕಿಲ್ಲದೆ ಸಿಕ್ಕಿತು. ಸ್ನೇಹಿತನಿಂದ ಬೇರೆ ತಯಾರಕರ ಹಳೆಯ ಮೈಕಿನ ಕವಚವೊಂದು ದೊರೆಯಿತು. ಗುಂಡಿಯೂ ತಂತಿಯೂ ಚೆನ್ನಾಗಿದ್ದುವು, ಒಳಗಿನ ಮೈಕು ಮಾತ್ರ ಸತ್ತಿತ್ತು. “ಗುರುಗಳೆ, ಜಾತ್ರೆಯ ಮೈಕ್‌ಸೆಟ್ಟಿನವರಿಂದ ಒಂದು ಒಳ್ಳೆಯ ಮೈಕು ತಂದು ಹಾಕಿದರೆ ಆಗದೆ?” ಎಂದು ಕೇಳಿದನು. “ತಮ್ಮಾ, ಹಾಡುವವನ ಮೈಕು ಬೇರೆ, ಸುದ್ದಿ ಹೇಳುವವನ ಮೈಕು ಬೇರೆ, ಕೈಪಿಡಿ ಏನು ಹೇಳುತ್ತದೆ, ಮೊದಲು ಅದನ್ನು ಓದು” ಎಂದೆನು. ಓದಿದಾಗ ತಿಳಿದುದೇನೆಂದರೆ, ಆ ಯಂತ್ರವು 600 ಓಮ್‌ಗಳ ಸುರುಳಿಯ ಮೈಕಿಗಾಗಿ ಮಾಡಿದುದು. ಆದರೆ ಅದರ ಇನ್ನೊಂದು ಕಾಲಿನಲ್ಲಿ 8 ವೋಲ್ಟು ದೊರೆಯುವುದು. ಆಹಾರವು ಸಿಗುವುದರಿಂದ ಅಗ್ಗವಾದ ಎಲೆಕ್ಟ್ರೆಟ್ಟನ್ನೇ ಹಾಕಬಹುದೆಂದು ನಿಶ್ಚಯಿಸಿದನು.

ಅವನು ಮಾಡಿದ ಕೆಲಸವು ಇಷ್ಟು. ಮೊದಲು ಪ್ಲಗ್ಗನ್ನು ಬಿಚ್ಚಿ ಎಳೆಗಳನ್ನು ಹೊಸ ಕ್ರಮಕ್ಕೆ ತಂದು ಬೆಸೆದನು. ಎಲೆಕ್ಟ್ರೆಟ್ಟಿನ ಬೆನ್ನಿನಲ್ಲಿ ಎರಡು ಬೆಸುಗೆಯ ಬಿಂದುಗಳಿರುವುವು; ಲೋಹದ ಕವಚಕ್ಕೆ ಕೂಡಿರುವುದು ಭೂಮಿಯದು, ಇನ್ನೊಂದು ಧ್ವನಿಯದು. ಎಂಟು ವೋಲ್ಟಿನ ಎಳೆಯಿಂದ 2,200 ಓಮ್‌ಗಳ ಒಂದು ರೆಸಿಸ್ಟರಿನ ಮೂಲಕ ಧ್ವನಿಯ ಬಿಂದುವಿಗೆ ಆಹಾರವನ್ನು ಕೊಟ್ಟನು. ಅದೇ ಬಿಂದುವಿನಿಂದ ಒಂದು ಧಾರಕದ ಮೂಲಕ ಯಂತ್ರದ ಮೈಕಿನ ಕಾಲಿಗೆ ದಾರಿ ಮಾಡಿದನು. ಎಲೆಕ್ಟ್ರೆಟ್ಟು ಸುರುಳಿಯ ಮೈಕಿಗಿಂತ ಪ್ರಬಲವಾದುದರಿಂದ ಅತಿಯಾದೀತೆಂಬ ಶಂಕೆಯಿತ್ತು. ಆದರೆ 2,200 ಓಮ್‌ಗಳ ಮೇಲೆ ಹುಟ್ಟಿದ ಧ್ವನಿಯು 600 ಓಮ್‌ಗಳ ಯಂತ್ರಕ್ಕೆ ಸೇರುವಾಗ ಸುಮಾರು ಐದರಲ್ಲೊಂದು ಪಾಲಿಗೆ ಇಳಿಯುವುದು. ಹೀಗೆ ಹೊಂದಿಕೆಯ ಕೊರತೆಯೇ ಇಲ್ಲಿ ಹೊಂದಿಕೆಯಾಗಿ ಒದಗಿತು.

ಇನ್ನೊಂದು ಸಣ್ಣ ಕೆಲಸವನ್ನೂ ಮರೆಯಲಾಗದು. ಯಂತ್ರವು ಮಾತನ್ನು ಹೊರಡಿಸುವಾಗ ಅದರ ಪ್ರಬಲವಾದ ಅಲೆಗಳು ಮೈಕಿನ ತಂತಿಯ ಮೂಲಕವೇ ಹಿಂದಿರುಗಿ ಒಳಗೆ ನುಗ್ಗಿ, ಜೀರುಂಡೆಯಂಥ ನಾದವನ್ನು ಎಬ್ಬಿಸುವುದುಂಟು. ಇದಕ್ಕಾಗಿ 470 ಪಿಕೋಫ್ಯಾರಡ್ ಅಳತೆಯ ಸಣ್ಣ ಧಾರಕವೊಂದನ್ನು ಎಲೆಕ್ಟ್ರೆಟ್ಟಿನ ಎರಡು ಬಿಂದುಗಳ ನಡುವೆ ಕಾಲುಗಳನ್ನು ಆದಷ್ಟು ಗಿಡ್ಡವಾಗಿಟ್ಟು ಬೆಸೆದನು. ಧ್ವನಿಯ ಎಳೆಯು ಜಾಲರಿಯ ಹೊದಿಕೆಯುಳ್ಳ ತಂತಿಯಾಗಿರಬೇಕೆಂಬುದು ಹೇಳದೆಯೇ ತಿಳಿಯುವುದು.

ಇಷ್ಟಾದ ಮೇಲೆ ಪರೀಕ್ಷೆ. ಹವ್ಯಾಸಿಗಳಲ್ಲಿ ಒಂದು ವಾಡಿಕೆಯುಂಟು: “ಹೇಗೆ ಕೇಳುತ್ತಿದೆ?” ಎಂದು ಕೇಳುವುದು, “ಬಹಳ ಚೆನ್ನಾಗಿ ಕೇಳುತ್ತಿದೆ” ಎಂದು ಆಚೆಯವನು ದಾಕ್ಷಿಣ್ಯದಿಂದ ಉತ್ತರಿಸುವುದು. ಇದು ಪರೀಕ್ಷೆಯಲ್ಲ, ಉಪಚಾರ. ಮೂವತ್ತು ವರ್ಷ ಉಕ್ತಲೇಖನವನ್ನು ಹೇಳಿ ಬರೆಯಿಸಿದ ನನಗೆ ಅದಕ್ಕಿಂತ ಒಳ್ಳೆಯ ಪರೀಕ್ಷೆಯು ತೋರಲಿಲ್ಲ. ಒಂದೇ ವರ್ಣದಿಂದ ಭೇದಿಸುವ ಶಬ್ದಗಳ ಪಟ್ಟಿಯೊಂದನ್ನು ಮಾಡಿಕೊಟ್ಟೆನು: ಮೂರು, ನೂರು, ಊರು, ಆರು, ಸಾಲು, ಶಾಲು, ಹಾಲು, ಪಾಲು, ಕಾಲು, ಮರ, ನರ, ಬರ, ಕಡಿ, ಗಡಿ, ಗಿಡ, ಕಿಡಿ. ಅವನು ಇದನ್ನು ಕ್ರಮತಪ್ಪಿಸಿ ಓದುವುದು. ಹುಮನಾಬಾದಿನಲ್ಲಿರುವ ಇನ್ನೊಬ್ಬ ಪರವಾನಗಿದಾರನು ಕೇಳಿದುದನ್ನು ಕೇಳಿದಂತೆಯೇ ಬರೆದುಕೊಳ್ಳುವುದು. ಬಳಿಕ ಎರಡು ಪಟ್ಟಿಗಳನ್ನೂ ಹೋಲಿಸುವುದು.

ಮೊದಲನೆಯ ಸಲದ ಪಟ್ಟಿಯಲ್ಲಿ ನೂರು ಎಂಬುದು ಮೂರಾಗಿದ್ದಿತು, ನರವು ಮರವಾಗಿದ್ದಿತು. ಧ್ವನಿಯು ಗಡಿಗೆಯೊಳಗಿಂದ ಬಂದಂತಿದೆಯೆಂದು ಆಚೆಯವನು ಹೇಳಿದನು. ಇದರ ಕಾರಣವನ್ನು ವಿಚಾರಿಸೋಣ. ನಿಸ್ತಂತು ಯಂತ್ರಗಳು ಮಾತಿನ ಎಲ್ಲ ನಾದಗಳನ್ನೂ ಕಳಿಸುವುದಿಲ್ಲ. ಕ್ಷಣಕ್ಕೆ ಸುಮಾರು 300ರಿಂದ 3,000ದವರೆಗಿನ ಕಂಪನಗಳನ್ನು ಮಾತ್ರ ಬಿಡುವುವು. ಮಕಾರ ನಕಾರಗಳೆರಡರಲ್ಲಿಯೂ ಮೂಗಿನಿಂದ ಬರುವ ತಗ್ಗುನಾದವು ಹೆಚ್ಚುಕಡಿಮೆ ಒಂದೇ. ಅವನ್ನು ಬೇರ್ಪಡಿಸುವುದು ಮುಂದಿನ ಸ್ವರಕ್ಕೆ ನಾಲಿಗೆ ತುಟಿಗಳು ಹೊರಳುವಾಗ ಹುಟ್ಟುವ, 1,000ದಿಂದ 2,000 ಕಂಪನಗಳ ಆಸುಪಾಸಿನ ನಾದವು. ತಗ್ಗುನಾದವು ಅತಿಯಾದರೆ ಈ ಸೂಕ್ಷ್ಮನಾದವು ಅದರಡಿಯಲ್ಲಿ ಮುಚ್ಚಿಹೋಗುವುದು. ಸಕಾರದ ನಾದವಾದರೋ ಬಹುಭಾಗ 4,000 ಕಂಪನಗಳಿಗೂ ಮೇಲೆಯೇ ಇರುವುದರಿಂದ ಯಾವ ಮೈಕಿನಿಂದಲೂ ಅದನ್ನು ಪೂರ್ತಿಯಾಗಿ ದಾಟಿಸಲಾಗದು. ಶಕಾರವು ಅದಕ್ಕಿಂತ ಸ್ವಲ್ಪ ಹೆಚ್ಚಾಗಿ ಉಳಿಯುವುದು. ಹಾಡುವವನ ಮೈಕು ಬೇರೆಯೆಂದು ನಾನು ಹೇಳಿದುದರ ತಾತ್ಪರ್ಯವೂ ಇದೇ. ವೇದಿಕೆಯ ಮೈಕುಗಳನ್ನು ಬಾಯಿಗೆ ಹತ್ತಿರ ಹಿಡಿದಾಗ ತಗ್ಗುನಾದವು ಉಬ್ಬುವುದು. ಅದು ಗಾಯನಕ್ಕೆ ಗಾಂಭೀರ್ಯವನ್ನು ಕೊಡುವುದು, ಸಂದೇಶಕ್ಕೆ ಮಸುಕನ್ನು ಕೊಡುವುದು.

ಪರಿಹಾರವು ಸುಲಭವಾಗಿತ್ತು. ಶಿಷ್ಯನು 10 ಮೈಕ್ರೋಫ್ಯಾರಡ್ ಅಳತೆಯ ಧಾರಕವನ್ನು ಹಾಕಿದ್ದನು. ಧಾರಕವು ದೊಡ್ಡದಾದಷ್ಟೂ ತಗ್ಗುನಾದಗಳಿಗೆ ಬಾಗಿಲು ಅಗಲ. ಅದನ್ನು ತೆಗೆದು 0.22 ಮೈಕ್ರೋಫ್ಯಾರಡ್ ಅಳತೆಯದನ್ನು ಹಾಕಿದನು. ಮೇಲೆ ಹೇಳಿದ 2,200 ಮತ್ತು 600 ಓಮ್‌ಗಳ ಲೆಕ್ಕದಲ್ಲಿ ಇದು ಸುಮಾರು 260 ಕಂಪನಗಳಿಗಿಂತ ತಗ್ಗಾದ ನಾದವನ್ನು ಕ್ರಮವಾಗಿ ಕುಗ್ಗಿಸುವುದು. ಎಲೆಕ್ಟ್ರೆಟ್ಟಿನ ಹಿಂದೆ ಕವಚದಲ್ಲಿದ್ದ ಪೊಳ್ಳಿಗೆ ಹತ್ತಿಯನ್ನು ತುಂಬಿ, ಶಬ್ದವು ಎದುರಿನ ಒಂದು ಸಣ್ಣ ರಂಧ್ರದಿಂದ ಮಾತ್ರ ಒಳಹೋಗುವಂತೆ ಮಾಡಿದನು. ಮೈಕನ್ನು ಬಾಯಿಗೆ ನೇರವಾಗಿ ಹಿಡಿಯದೆ, ಮೂರು ಬೆರಳು ದೂರದಲ್ಲಿ, ಕೆನ್ನೆಯ ಕಡೆಗೆ ಸ್ವಲ್ಪ ಓರೆಯಾಗಿ ಹಿಡಿಯುವುದನ್ನು ರೂಢಿಸಿಕೊಂಡನು. ಪಕಾರ ಬಕಾರಗಳಿಂದಲೂ ಮಹಾಪ್ರಾಣಗಳಿಂದಲೂ ಹೊರಡುವ ಉಸಿರು ಆಗ ಪೊರೆಗೆ ಬಡಿಯದು. ಎರಡನೆಯ ಸಲದ ಪಟ್ಟಿಯಲ್ಲಿ ಮೂರು ಮೂರಾಗಿಯೂ ನೂರು ನೂರಾಗಿಯೂ ಬಂದುವು. ಸಾಲು ಮಾತ್ರ ಒಂದು ಸಲ ಹಾಲಾಯಿತು. ಅದು ಮೈಕಿನ ದೋಷವಲ್ಲ, ಯಂತ್ರದ ಮಿತಿ.

ಯಂತ್ರದ ಮಿತಿಯನ್ನು ಮಾತಿನ ಕ್ರಮದಿಂದ ತುಂಬಿಕೊಳ್ಳಬೇಕು. ಸಂಖ್ಯೆಯನ್ನು ಹೇಳುವಾಗ “ನೂರು, ಒಂದು ಸೊನ್ನೆ ಸೊನ್ನೆ” ಎಂದೂ, “ಮೂರು, ಒಂದು ಎರಡು ಮೂರು” ಎಂದೂ ಎರಡು ಬಗೆಯಾಗಿ ಹೇಳುವುದು, ಕೇಳಿದವನು ಅದನ್ನು ಮರಳಿ ಒಪ್ಪಿಸುವುದು, ಇವು ಯಾವ ಮೈಕೂ ಕೊಡಲಾರದ ರಕ್ಷಣೆಯನ್ನು ಕೊಡುವುವು. ಪಾಠಶಾಲೆಯಲ್ಲಿ ಮಗ್ಗಿಯನ್ನು ಒಪ್ಪಿಸುತ್ತಿದ್ದ ಪದ್ಧತಿಯು ಇಲ್ಲಿ ಪ್ರಾಣರಕ್ಷಕವಾಗುವುದು.

ಕೊನೆಯದಾಗಿ ಕೆಲವು ಎಚ್ಚರಿಕೆಯ ಮಾತುಗಳು. ಪರವಾನಗಿ ಇಲ್ಲದೆ ಹವ್ಯಾಸಿಗಳ ಯಂತ್ರವನ್ನು ನಡೆಸುವುದು ಅಪರಾಧ. ಪೇಟೆಯಲ್ಲಿ ಸುಲಭವಾಗಿ ಸಿಗುವುದೆಂಬ ಮಾತ್ರಕ್ಕೆ ಅದು ಅನುಮತವಾಗದು. ಮನೆಯ ಹುಡುಗರಿಗೆ ಆಸಕ್ತಿಯಿದ್ದರೆ ಪರೀಕ್ಷೆಗೆ ಓದಿಸಬೇಕು. 1978ರ ನಿಯಮಾವಳಿಯೇ ಹನ್ನೆರಡು ವರ್ಷ ತುಂಬಿದವರಿಗೂ ಅವಕಾಶವನ್ನು ಕೊಟ್ಟಿದ್ದಿತು. ಆದುದರಿಂದ ಇದು ದೊಡ್ಡವರ ವಿದ್ಯೆಯೆಂದು ಯಾರೂ ಹಿಂಜರಿಯಬೇಕಾಗಿಲ್ಲ. ಪೋಲೀಸರ ಅಥವಾ ಇತರ ಇಲಾಖೆಗಳ ಯಂತ್ರಗಳು ನಮ್ಮ ಕೈಗೆ ಬಂದರೂ ಅವನ್ನು ಬಿಚ್ಚುವುದು ನಮ್ಮ ಕೆಲಸವಲ್ಲ. ಬೆಸುಗೆಯ ಕೆಲಸವನ್ನು ಯಂತ್ರದಿಂದ ಮೈಕನ್ನು ಬೇರ್ಪಡಿಸಿಯೇ ಮಾಡತಕ್ಕದ್ದು. ಮೇಲೆ ಕೊಟ್ಟ ಅಳತೆಗಳು ಒಂದು ಯಂತ್ರಕ್ಕೆ ಹೊಂದಿದುವು. ನಿಮ್ಮ ಯಂತ್ರದ ಕೈಪಿಡಿಯು ಬೇರೆ ಹೇಳಿದರೆ ಕೈಪಿಡಿಯೇ ಪ್ರಮಾಣ.

ಇಂಥ ಯಂತ್ರವನ್ನು ಮನೆಯಲ್ಲಿಟ್ಟವರು ಮೃಗಶಿರಾ ಮಳೆಗೆ ಮೊದಲೊಮ್ಮೆ, ದೀಪಾವಳಿಯ ಬಳಿಕ ಇನ್ನೊಮ್ಮೆ, ಮೈಕಿನ ತಂತಿಯನ್ನು ಬಗ್ಗಿಸಿ ನೋಡಿ, ರಂಧ್ರದ ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆದು, ದೂರದ ಸ್ನೇಹಿತನಿಗೆ ಹದಿನಾರು ಶಬ್ದಗಳ ಉಕ್ತಲೇಖನವನ್ನು ಹೇಳುವುದೊಳ್ಳೆಯದು. ಕಾಲು ಗಂಟೆಯ ಕೆಲಸ. ಅವನ ಕಾಗದದ ಮೇಲೆ ನೂರು ಎಂಬುದು ನೂರಾಗಿಯೇ ಬಿದ್ದರೆ ಮೈಕಿನ ಬೆಲೆಯೆಷ್ಟು, ಜಾತಿ ಯಾವುದು ಎಂದು ಮತ್ತೆ ಕೇಳಬೇಕಾಗಿಲ್ಲ.